ಬುಧವಾರ ಮೂರರಿಂದ ನಾಲ್ಕು

ಮಶಿನ್ ಒಂದ, ಕೈ ಹತ್ತು.
ಇಚಲಕರಂಜಿಯಿಂದ ಟೆಂಪೋದಾಗ ಬಂದದ್ದು, ಹಳೇ ಮಾಲು,
ಮೊದಲಿನಾಕಿ ಯಾರೋ ಮಗ್ಗಲಕ್ಕ ಸೂಜಿಲೆ ಗೀರಿದ ಲೆಕ್ಕ
ಇನ್ನೂ ಅಳಿಸಿಲ್ಲ: ಹದಿನೇಳು, ಅದರ ಕೆಳಗ ಒಂಬತ್ತು.
ವಡಗಾವಿಯ ಈ ಓಣ್ಯಾಗ, ಮಗ್ಗ ಮಾರಿದವರ ಮನಿಯ
ಮುಂದಿನ ಖೋಲಿ. ತಲಿಗೆ ಮುನ್ನೂರಾ ಅರವತ್ತು ಬಾಡಿಗಿ.
ಕುಪ್ಪಸದ ಕೊರಳಿಗೆ, ತೋಳಿಗೆ, ಬೆನ್ನಿಗೆ ಕಸೂತಿ ಹಾಕತೀವಿ.

ಮೊದಲ ಗ್ವಾಡಿಗೆ ಕಿರಾಣಿ ಅಂಗಡಿಯ ಕ್ಯಾಲೆಂಡರ್ ಇತ್ತು.
ಹಾಲಿನ ಲೆಕ್ಕದ ಮ್ಯಾಲ ಇಂದುಬಾಯಿ ತನ್ನ ತಾಸು ಬರದ್ಳು,
ಅದರ ಮ್ಯಾಲ ಸುಮಿತ್ರಾ ದಿವಟೆ,
ಅಮಾಸಿ ಮುಚ್ಚಿ ಹೋತು ಜೈತೂನಳ ಲಗ್ನದ ಆರ್ಡರಿನಾಗ.
ಒಂದು ಸಂಜಿ ಇಬ್ಬರು ಬಂದು
ಒಂದ ಸ್ಟೂಲಿನ ಎರಡು ತುದಿಗೆ ಕುಂತ್ರು.
ಮಾತಿಲ್ಲ, ಕತಿಯಿಲ್ಲ, ಒಂಬತ್ತರ ತನಕ.
ಮಶಿನ್ನೂ ತಿರುಗಲಿಲ್ಲ.

ಸುಮಿತ್ರಾನ ಮಗಳು, ಎಂಟನೆತ್ತೆ ಓದಾಕಿ, ಅಂದ್ಳು:
ಫೋನಿನಾಗ ಹಂಚಿಕೊಳ್ಳೂ ಕ್ಯಾಲೆಂಡರ್ ಐತಿ, ಪುಕ್ಕಟ.
ರೊಕ್ಕ ಕೊಡೂದೂ ಒಂದು ಐತೆಂತ,
ತಲಿಗೆ ತಿಂಗಳಿಗೆ ನೂರಾ ಮೂವತ್ತು.
ಐದು ತಲಿಗೆ ಎಷ್ಟು ರೀಲು ಜರಿ ಆಕ್ಕಾವ, ಲೆಕ್ಕ ಹಾಕಿದ್ವಿ,
ಪುಕ್ಕಟದ್ದ ಚಲೋ ಅಂದ್ವಿ ಒಂದ ಬಾಯಿಲೆ.
ಆ ಖೋಲ್ಯಾಗ ಅದ ಮೊದಲನೇ ಒಮ್ಮತ.

ಐದು ಮಂದಿಗೆ ಐದು ಐಡಿ ಯಾಕ, ಒಂದ ಸಾಕು ಅಂದಾಕಿ ನಾ.
ಪಾಸ್‌ವರ್ಡ್ ಸೂಜಿ ಡಬ್ಬಿಯ ಮುಚ್ಚಳದಾಗ ಬರದಿಟ್ಟೆ.
ಮಹಾನಂದಾಗ ಓದಾಕ ಬರೂದಿಲ್ಲ,
ಅರಿಶಿಣ ಬಣ್ಣ ಅಕಿದು. ಅರಿಶಿಣ ಕಂಡ್ರ ಬರತಾಳ.
ಜೈತೂನಳ ಫೋನಿನ ಗಾಜು ಒಡದೈತಿ,
ಅಕಿ ಶನಿವಾರ ಯಾವಾಗಲೂ ಎರಡು ಹೋಳು.

ಜಗಳ ನಿಂತ್ವು. ಅಂದ್ರ,
ಫೋನಿನಾಗ ಜಗಳಾಡಾಕ ಜಾಗ ಸಾಲಲಿಲ್ಲ.

ಆಮ್ಯಾಲ ಒಂದು ಮುಂಜಾನೆ, ಚಾ ಕುದಿಯೂ ಹೊತ್ತಿನಾಗ
ನೋಡ್ತೀನಿ, ಬುಧವಾರ ಮೂರರಿಂದ ನಾಲ್ಕು
ಯಾರ ಬಣ್ಣಾನೂ ಅಲ್ಲ, ಬರೇ ಬೂದಿ ಬಣ್ಣ.
"ಮಶಿನ್ ಸುಮ್ಮ ಇರಲಿ."
ಅಷ್ಟ. ಕೆಳಗ ಸಣ್ಣ ಅಕ್ಷರದಾಗ: ಪ್ರತಿ ವಾರ.

ಗ್ವಾಡಿಯ ಮ್ಯಾಲ ಬರದಿದ್ರ ಹಿಡೀತಿದ್ದೆ,
ಇಂದುಬಾಯಿಯ ಒತ್ತಕ್ಷರ ಜೋತು ಬೀಳತಾವ,
ಸುಮಿತ್ರಾ ಸೊನ್ನಿಗೆ ಹೊಟ್ಟಿ ತುಂಬತಾಳ.
ಫೋನಿನ ಅಕ್ಷರಕ್ಕ ಕೈಯ ಇಲ್ಲ.
ಮಹಾನಂದಾನ ಮೈಕ್ ಒತ್ತಿ ಹೇಳಿದ್ಳೋ ಏನೋ.
ಐಡಿ ಒಂದ, ಕ್ಯಾಲೆಂಡರಿಗೂ ಗೊತ್ತಿಲ್ಲ.
ರೊಕ್ಕ ಉಳಿಸಾಕ ಹೋಗಿ
ಗುಟ್ಟೊಂದನ್ನ ಸಾಕಿಕೊಂಡ್ವಿ.

ತಾಸಿಗೆ ಒಂದೂವರೆ ಕೊರಳು, ತೊಂಬತ್ತು ರೂಪಾಯಿ.
ಅಳಿಸಿಬಿಡೂಣು ಅಂತ ಹೆಬ್ಬಟ್ಟು ಇಟ್ಟೆ.
ಹೆಬ್ಬಟ್ಟಿಗೆ ಎಣ್ಣಿ ಹತ್ತಿತ್ತು, ಒರಸಿಕೊಂಡೆ,
ಅಷ್ಟರಾಗ ಚಾ ಉಕ್ಕಿತು.

ಬುಧವಾರ ಮೂರಕ್ಕ ಐದೂ ಮಂದಿ ಹಾಜರ್.
ಕತ್ತರಿ ಮರತಿದ್ದೆ, ಛತ್ರಿ ಬಿಟ್ಟಿದ್ದೆ, ಹಿಂಗ ದಾಟತಿದ್ದೆ.
ಕಳ್ಳಿ ಯಾರು ಅಂತ ಎಲ್ಲಾರೂ ಎಲ್ಲಾರನ್ನೂ ನೋಡಿದ್ವಿ.
ಹೊರಗ ಜಿಟಿಜಿಟಿ. ಹಿಂದಿನ ಓಣ್ಯಾಗ
ಉಳದ ಒಂದ ಮಗ್ಗ ಖಟ್, ಖಟ್.
ಮಶಿನ್ ತಿರುಗೂ ಮುಂದ ಅದು ಕೇಳಿರಲೇ ಇಲ್ಲ.
ಜೈತೂನ್ ಚೀಲದಾಗಿಂದ ಪೇರಲ ತಗದು
ಐದು ಹೋಳು ಮಾಡಿದ್ಳು, ಒಂದು ಸಣ್ಣದಾತು, ಅದನ್ನ ತಾನ ತಿಂದ್ಳು.
ಇಂದುಬಾಯಿ ಗ್ವಾಡಿಗೆ ಒರಗಿ ಬಾಯಿ ತೆರದು ಮಲಗಿದ್ಳು.
ಸುಮಿತ್ರಾ ಅತ್ಳು, ಯಾಕಂತ ಹೇಳಲಿಲ್ಲ,
ನಾವೂ ಕೇಳಲಿಲ್ಲ.
ನಾಲ್ಕಕ್ಕ ಅರಿಶಿಣ. ಮಹಾನಂದಾ ಎದ್ದು ದಾರ ಪೋಣಿಸಿದ್ಳು.

ಈಗ ಲಗ್ನದ ಸುಗ್ಗಿ. ರಾತ್ರಿ ಹನ್ನೊಂದರ ತನಕ ಬಣ್ಣ ತುಂಬಿ
ಫೋನು ಸಂತಿಯ ಬಳಿ ಅಂಗಡಿ ಆಗೈತಿ.
ಮೊನ್ನೆ ಶಹಾಪುರದ ಗಿರಾಕಿ ಜಗ್ಗ್ಯಾಡಿದ್ಳು,
ಬುಧವಾರ ಮೂರಕ್ಕ ಕುಂತು ಹಾಕಿ ಕೊಡ್ರಿ, ಡಬಲ್ ಕೊಡತೀನಿ.
ಆ ಹೊತ್ತು ಬುಕ್ ಐತ್ರಿ, ಅಂದೆ.
ಯಾರದು? ಅಂದ್ಳು.
ಗೊತ್ತಿಲ್ರಿ, ಅಂದೆ.
ಖರೇನ ಗೊತ್ತಿಲ್ಲ.